ಕೂಸಿನ ಜಡ್ಡು ಮತ್ತು ತಾಯಿತಂದೆಗಳ ಜ್ಞಾಪಕತ್ವ

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ನಮ್ಮ ಪ್ರಾಚೀನ ವೈದ್ಯಾಚಾರ್ಯರು ಹೇಳಿರುವರು. ವೈದ್ಯ, ಔಷಧ, ಪರಿಚಾರಕ, ರೋಗಿ, ಇವೇ ಆ ನಾಲ್ಕು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಒಂದೊಂದು ಪಾದಕ್ಕೂ ನಾಲ್ಕು ಗುಣಗಳನ್ನು ಎಣಿಸಿರುವುದನ್ನು ಸಂಸ್ಕೃತ ಬಲ್ಲ ವಾಚಕರು ಕಂಡಿರಬಹುದು. ಅದರಲ್ಲಿ ರೋಗಿಗೆ ಹೇಳಿದ ಗುಣಗಳು ವಿಚಾರಾರ್ಹವಾಗಿವೆ: ಸ್ಮೃತಿ, ಹೇಳಿದಂತೆ ನಡೆಯುವ ನಿರ್ದೇಶಕಾರಿತ್ವ, ಅಂಜದಿರುವ ಅಭೀರುತ್ವ, ಮತ್ತು ಜ್ಞಾಪಕತ್ವ. ಕನ್ನಡದಲ್ಲಿ ನಾವು ಜ್ಞಾಪಕವೆಂದರೆ ನೆನಪೆಂದು ತಿಳಿಯುತ್ತೇವೆ. ಇಲ್ಲಿ ಅದರ ಅರ್ಥವು ಬೇರೆ. ತನ್ನ ಬೇನೆಯನ್ನು ವೈದ್ಯನಿಗೆ ಸರಿಯಾಗಿ ತಿಳಿಯಪಡಿಸುವ ಶಕ್ತಿಯೇ ಜ್ಞಾಪಕತ್ವವು.

ಈಗ ಒಂದು ಕೂಸನ್ನು ನೆನೆಯಿರಿ. ಅದಕ್ಕೆ ನಿನ್ನೆಯ ಸ್ಮೃತಿಯಿಲ್ಲ. ಕಹಿ ಔಷಧವನ್ನು ಉಗುಳುವುದರಿಂದ ನಿರ್ದೇಶಕಾರಿತ್ವವಿಲ್ಲ. ಸೂಜಿಯನ್ನು ಕಂಡರೆ ಅಭೀರುತ್ವವೆಲ್ಲಿಯದು? ಇನ್ನು ಬೇನೆಯನ್ನು ತಿಳಿಯಪಡಿಸಲು ಅದಕ್ಕಿರುವ ಭಾಷೆಯು ಅಳುವೊಂದೇ. ಹೀಗಾಗಿ ಮಕ್ಕಳ ಚಿಕಿತ್ಸೆಯಲ್ಲಿ ತಾಯಿತಂದೆಗಳು ಪರಿಚಾರಕರು ಮಾತ್ರವಲ್ಲ, ಅರ್ಧ ರೋಗಿಯೂ ಅವರೇ ಆಗಬೇಕಾಗುತ್ತದೆ. ಈ ಕಷ್ಟವನ್ನು ಬಲ್ಲವರಾದ್ದರಿಂದಲೇ ಬಾಲವೈದ್ಯಕ್ಕೆ ಮೀಸಲಾದ ಕಾಶ್ಯಪಸಂಹಿತೆಯಲ್ಲಿ ‘ವೇದನಾಧ್ಯಾಯ’ವೆಂಬ ಒಂದು ಅಧ್ಯಾಯವಿದೆ. ಮಾತು ಬಾರದ ಶಿಶುವಿಗೆ ಎಲ್ಲಿ ನೋವಾಗುತ್ತಿದೆಯೆಂಬುದನ್ನು ಅದರ ಚೇಷ್ಟೆಗಳಿಂದ ಹೇಗೆ ಅರಿಯಬೇಕೆಂಬುದೇ ಅದರ ವಿಷಯ. ಈ ಗ್ರಂಥವು ಬಹುಕಾಲ ಕಣ್ಮರೆಯಾಗಿದ್ದು, ನೇಪಾಳದಲ್ಲಿ ಪಂಡಿತ ಹೇಮರಾಜ ಶರ್ಮರಿಗೆ ದೊರೆತ ತಾಳೆಯೋಲೆಗಳಿಂದ 1938ರಲ್ಲಿ ಮುದ್ರಣವನ್ನು ಕಂಡಿತು.

ಪ್ರಾಚೀನರ ಮಾತು ಅಷ್ಟಕ್ಕೆ ಸಾಕು. ನಮ್ಮ ತಂಬೂರಿನಂಥ ಕಲಘಟಗಿ ತಾಲೂಕಿನ ಹಳ್ಳಿಗಳಲ್ಲಿ ಇಂದು ಕೂಸಿಗೆ ಜಡ್ಡಾದರೆ ಆಶಾ ಕಾರ್ಯಕರ್ತೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ತಾಲೂಕಿನ ದವಾಖಾನೆಗೆ, ಅಲ್ಲಿಯೂ ಬಗೆಹರಿಯದಿದ್ದರೆ ಹುಬ್ಬಳ್ಳಿಗೆ ಪ್ರಯಾಣವಾಗುತ್ತದೆ. ಹುಬ್ಬಳ್ಳಿಯಲ್ಲಿ 1957ರಲ್ಲಿ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ಅದರ ದವಾಖಾನೆಯನ್ನು ನಮ್ಮ ಜನರು ಇಂದಿಗೂ ‘ಕಿಮ್ಸ್’ ಎಂದೇ ಕರೆಯುವರು. ಈ ಒಂದೊಂದು ಮೆಟ್ಟಲಿನಲ್ಲಿಯೂ ಹೊಸ ಡಾಕ್ಟರರು, ಹೊಸ ಪ್ರಶ್ನೆಗಳು, ಹೊಸ ಕಾಗದಗಳು. ಎಲ್ಲ ಮೆಟ್ಟಲುಗಳಲ್ಲಿಯೂ ಕೂಸಿನೊಡನೆ ಇರುವವರು ತಾಯಿತಂದೆಗಳು ಮಾತ್ರ. ಆದುದರಿಂದ ಬೇನೆಯ ಆದ್ಯಂತ ವೃತ್ತಾಂತವನ್ನು ಬಲ್ಲವರು ಅವರಲ್ಲದೆ ಇನ್ನಾರೂ ಇರಲಾರರು.

ಆ ವೃತ್ತಾಂತದಲ್ಲಿ ಎರಡು ಅಂಶಗಳು ಮುಖ್ಯವಾದವು. ಜ್ವರವು ಯಾವ ದಿನ ಮೊದಲಾಯಿತೆಂಬುದೊಂದು. ಕೂಸಿನ ತೂಕವೆಷ್ಟೆಂಬುದು ಮತ್ತೊಂದು. “ಅಮಾಸಿ ಮರುದಿನಾ ಜ್ವರ ಬಂತ್ರೀ” ಎಂದು ಅಜ್ಜಿಯು ಹೇಳಿದರೆ ಪಟ್ಟಣದವರು ನಕ್ಕಾರು, ಆದರೆ “ನಾಕೈದ ದಿನಾ ಆತ್ರೀ” ಎನ್ನುವ ತಂದೆಯ ಮಾತಿಗಿಂತ ಅಜ್ಜಿಯ ಮಾತು ನೂರು ಪಾಲು ಶ್ರೇಷ್ಠವು. ಅಮಾವಾಸ್ಯೆಯು ಪಂಚಾಂಗದಲ್ಲಿ ಸ್ಥಿರವಾದ ದಿನ. ‘ನಾಕೈದು’ ಎಂಬುದು ಯಾವ ಪಂಚಾಂಗದಲ್ಲಿಯೂ ಇಲ್ಲ. ಈ ಒಂದು ದಿನದ ಅಂತರದಿಂದ ಏನಾಗುವುದೆಂಬುದಕ್ಕೆ ಡೆಂಗೀ ಜ್ವರವೇ ಒಳ್ಳೆಯ ದೃಷ್ಟಾಂತವು.

2024ರಲ್ಲಿ ಡೆಂಗೀ ಹಾವಳಿಯು ರಾಜ್ಯದಲ್ಲಿ ಎಷ್ಟು ಹೆಚ್ಚಿತೆಂದರೆ ಸೆಪ್ಟೆಂಬರ ತಿಂಗಳಲ್ಲಿ ಕರ್ನಾಟಕ ಸರಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ನಳದ ನೀರು ದಿನಬಿಟ್ಟು ದಿನ ಬರುವ ಕಡೆಗಳಲ್ಲಿ ಡ್ರಮ್ಮು, ಹಂಡೆ, ಹೌದುಗಳಲ್ಲಿ ನೀರು ತುಂಬಿಡುವುದು ಅನಿವಾರ್ಯ. ಹಗಲು ಕಚ್ಚುವ ಆ ಸೊಳ್ಳೆಗೆ ಬೇಕಾದುದು ಅಂಥ ನಿಂತ ತಿಳಿನೀರೇ. ಈ ಜ್ವರವನ್ನು ಗುರುತಿಸಲು ಎರಡು ಬಗೆಯ ರಕ್ತಪರೀಕ್ಷೆಗಳಿವೆ. ‘ಎನ್ ಎಸ್ 1’ ಎಂಬುದು ವಿಷಾಣುವಿನದೇ ಒಂದು ಅಂಶವನ್ನು ಹುಡುಕುವುದು. ಅದು ಮೊದಲ ನಾಲ್ಕೈದು ದಿನಗಳಲ್ಲಿ ಉಪಯುಕ್ತವು. ‘ಐ ಜಿ ಎಮ್’ ಎಂಬುದು ವಿಷಾಣುವಿಗೆ ಪ್ರತಿಯಾಗಿ ಶರೀರವು ಹುಟ್ಟಿಸುವ ಪ್ರತಿಕಾಯವನ್ನು ಹುಡುಕುವುದು. ಅದು ಸುಮಾರು ಐದನೆಯ ದಿನದಿಂದ ಕಾಣಿಸಿಕೊಳ್ಳುವುದು. ಎರಡನೆಯ ದಿನ ಐ ಜಿ ಎಮ್ ನೋಡಿದರಾಗಲಿ, ಎಂಟನೆಯ ದಿನ ಎನ್ ಎಸ್ 1 ನೋಡಿದರಾಗಲಿ ‘ಇಲ್ಲ’ವೆಂದು ಬಂದರೆ ಅದರಿಂದ ಡೆಂಗೀ ಇಲ್ಲವೆಂದು ಸಿದ್ಧವಾಗುವುದಿಲ್ಲ. ದಿನವನ್ನು ತಪ್ಪು ಹೇಳಿದಾಗ ಯಂತ್ರವು ಸರಿಯಾಗಿದ್ದರೂ ಉತ್ತರವು ತಪ್ಪು ದಾರಿ ಹಿಡಿಸೀತು.

ಇದಕ್ಕಿಂತಲೂ ಅಪಾಯಕರವಾದ ಸಂಗತಿಯೊಂದುಂಟು. ಜ್ವರ ಇಳಿದೊಡನೆ ಮನೆಯವರು ನಿಟ್ಟುಸಿರು ಬಿಟ್ಟು, ದೇವರಿಗೆ ಕಾಯಿ ಒಡೆಸಿ, ಹೊಲಕ್ಕೆ ಹೋಗಿಬಿಡುವರು. ಆದರೆ ಡೆಂಗೀಯಲ್ಲಿ ಗಂಡಾಂತರದ ಕಾಲವು ಬರುವುದು ಜ್ವರ ಇಳಿಯುವಾಗಲೇ. ಮೂರರಿಂದ ಏಳನೆಯ ದಿನದೊಳಗೆ, ಒಂದೆರಡು ದಿನಗಳ ಮಟ್ಟಿಗೆ, ರಕ್ತದೊಳಗಿನ ನೀರಿನಂಶವು ನಾಳಗಳಿಂದ ಹೊರಕ್ಕೆ ಒಸರಲಾರಂಭಿಸಬಹುದು. ಆಗ ಹೊಟ್ಟೆಯ ಬಲವಾದ ನೋವು, ಬಿಡದ ವಾಂತಿ, ಮೂಗು ಅಥವಾ ವಸಡಿನಿಂದ ರಕ್ತ, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಕೂಸು ಮಂಕಾಗುವುದು ಇಲ್ಲವೆ ವಿನಾಕಾರಣ ಚಡಪಡಿಸುವುದು, ಇವುಗಳಲ್ಲಿ ಒಂದೇ ಕಂಡರೂ ರಾತ್ರಿಯೆನ್ನದೆ 108 ವಾಹನವನ್ನು ಕರೆಯತಕ್ಕದ್ದು.

ನಮ್ಮ ಜನರ ದೃಷ್ಟಿಯಾದರೋ ಪೂರ್ತಿಯಾಗಿ ‘ಪ್ಲೇಟಲೆಟ್’ ಎಂಬ ಒಂದೇ ಸಂಖ್ಯೆಯ ಮೇಲೆ ನೆಟ್ಟಿದೆ. ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕಾದುದು ಎಂಬತ್ತು ಸಾವಿರಕ್ಕಿಳಿದರೆ ಮನೆಯಲ್ಲಿ ಅಳು ಮೊದಲಾಗುವುದು. ಡೆಂಗೀಯಲ್ಲಿ ಅದು ಇಳಿಯುವುದು ಸಾಮಾನ್ಯವು, ತಾನಾಗಿ ಏರುವುದೂ ಸಾಮಾನ್ಯವು. ರಕ್ತಸ್ರಾವವಿಲ್ಲದ ಕೂಸಿಗೆ ಸಂಖ್ಯೆ ತಗ್ಗಿತೆಂಬ ಮಾತ್ರಕ್ಕೆ ಪ್ಲೇಟಲೆಟ್ ಏರಿಸಬೇಕೆಂದು ಡಾಕ್ಟರರೊಡನೆ ಜಗಳಾಡುವುದು ಉಚಿತವಲ್ಲ. ಅದೇ ಕಾಗದದಲ್ಲಿ ‘ಪಿ ಸಿ ವಿ’ ಎಂಬ ಇನ್ನೊಂದು ಅಂಕಿಯಿರುತ್ತದೆ. ರಕ್ತದಲ್ಲಿ ಕಣಗಳ ಪಾಲು ಎಷ್ಟೆಂಬುದನ್ನು ಅದು ತಿಳಿಸುವುದು. ನೀರು ಹೊರಕ್ಕೆ ಒಸರಿ ರಕ್ತವು ಗಟ್ಟಿಯಾಗುತ್ತ ಬಂದರೆ ಅದು ಏರುತ್ತದೆ, ಸಾರು ಕುದಿಕುದಿದು ಗಟ್ಟಿಯಾಗುವಂತೆ. ಡಾಕ್ಟರರು ಪುನಃ ಪುನಃ ರಕ್ತ ತೆಗೆಯುವುದು ಬಹುಶಃ ಇದಕ್ಕಾಗಿಯೇ ಇದ್ದೀತು. ಪಪ್ಪಾಯಿ ಎಲೆಯ ರಸದ ವಿಷಯದಲ್ಲಿ ಒಂದೇ ಮಾತು: ಆ ಕಹಿಯನ್ನು ಬಲವಂತವಾಗಿ ಕುಡಿಸಿ ಕೂಸು ವಾಂತಿ ಮಾಡಿಕೊಂಡರೆ, ಆ ವಾಂತಿಯು ರಸದ್ದೋ ರೋಗದ್ದೋ ಎಂಬುದನ್ನು ಧನ್ವಂತರಿಯೂ ಹೇಳಲಾರನು.

ಜ್ವರಕ್ಕೆ ಈ ಭಾಗದಲ್ಲಿ ಮಾಡಿಸುವ ಇನ್ನೊಂದು ಪರೀಕ್ಷೆಯು ‘ವಿಡಾಲ್’. ಫ್ರಾನ್ಸ ದೇಶದ ವಿಡಾಲನೆಂಬ ವೈದ್ಯನು ವಿಷಮಶೀತಜ್ವರವನ್ನು, ಎಂದರೆ ಟಾಯಫಾಯ್ಡನ್ನು ಗುರುತಿಸಲಿಕ್ಕೆ 1896ರಲ್ಲಿ ಇದನ್ನು ಪ್ರಚಾರಕ್ಕೆ ತಂದನು. ಈ ಜ್ವರವು ನೆಲೆಯಾಗಿರುವ ನಮ್ಮಂಥ ದೇಶದಲ್ಲಿ ಆರೋಗ್ಯವಂತರ ರಕ್ತದಲ್ಲಿಯೂ ಹಿಂದಿನ ಸೋಂಕಿನ ಗುರುತು ಸ್ವಲ್ಪ ಉಳಿದಿರಬಹುದಾದ್ದರಿಂದ, ಒಂದೇ ಸಲದ ವಿಡಾಲಿನಿಂದ ಖಂಡಿತವಾಗಿ ಏನನ್ನೂ ಹೇಳಲಾಗುವುದಿಲ್ಲ. ಹೆಚ್ಚು ನಂಬತಕ್ಕದ್ದು ‘ಬ್ಲಡ್ ಕಲ್ಚರ್’. ಇದರಲ್ಲಿ ರಕ್ತವನ್ನು ಪೋಷಕ ದ್ರವದಲ್ಲಿಟ್ಟು ರೋಗಾಣುವನ್ನು ಬೆಳೆಯಿಸಿ ನೋಡುವರು. ಬೆಳೆಯಬೇಕಾದುದರಿಂದ ಉತ್ತರ ಬರಲು ಕೆಲವು ದಿನಗಳು ಹಿಡಿಯುವುವು. ಆದರೆ ರೋಗಾಣುನಾಶಕ ಔಷಧವು ಮೊದಲೇ ಹೊಟ್ಟೆಗೆ ಹೋಗಿದ್ದರೆ ರೋಗಾಣುವು ಬೆಳೆಯದೆ ಪರೀಕ್ಷೆ ವ್ಯರ್ಥವಾಗಬಹುದು. ಔಷಧದ ಅಂಗಡಿಯಲ್ಲಿ ಕೇಳಿ ತಂದು ಎರಡು ದಿನ ಕೊಟ್ಟ ಗುಳಿಗೆಯ ಸಂಗತಿಯನ್ನು ಡಾಕ್ಟರರು ಬೈದಾರೆಂದು ಮುಚ್ಚಿಡುವವರು ಬಹಳ ಜನ. ಬೈದರೆ ಬೈಯಲಿ, ಗುಳಿಗೆಯ ಹಾಳೆಯನ್ನು ಒಯ್ದು ತೋರಿಸತಕ್ಕದ್ದು.

ಪ್ರಯೋಗಶಾಲೆಯ ಕಾಗದವನ್ನು ಓದುವ ಹವ್ಯಾಸವು ಈಗ ಎಲ್ಲರಿಗೂ ಬಂದಿದೆ. ಅಂಕಿಯ ಮಗ್ಗುಲಿಗೆ ದಪ್ಪಕ್ಷರವೋ ಬಾಣದ ಗುರುತೋ ಇದ್ದರೆ ತಾಯಿಯ ಎದೆ ಧಸಕ್ಕೆನ್ನುವುದು. ಇಲ್ಲಿ ಮೊದಲು ನೋಡತಕ್ಕದ್ದು, ಬಲಗಡೆಯಲ್ಲಿ ಮುದ್ರಿಸಿದ ಪ್ರಮಾಣವು ದೊಡ್ಡವರದೋ ಮಕ್ಕಳದೋ ಎಂಬುದನ್ನು. ಬೆಳೆದವರ ಬಿಳಿಯ ರಕ್ತಕಣಗಳಲ್ಲಿ ಲಿಂಫೋಸೈಟ್ ಎಂಬವು ನೂರಕ್ಕೆ ಇಪ್ಪತ್ತರಿಂದ ನಲವತ್ತು; ಎರಡು ವರ್ಷದ ಕೂಸಿನಲ್ಲಿ ಅವು ಅರ್ಧಕ್ಕಿಂತ ಹೆಚ್ಚಿರುವುದೇ ಸಹಜ ಸ್ಥಿತಿ. ಬೆಳೆಯುವ ಎಲುಬಿನಿಂದಾಗಿ ‘ಆಲ್ಕಲೈನ್ ಫಾಸ್ಫಟೇಸ್’ ಎಂಬುದೂ ಮಕ್ಕಳಲ್ಲಿ ದೊಡ್ಡವರಿಗಿಂತ ಬಹಳ ಹೆಚ್ಚು. ಹಿಮೋಗ್ಲೋಬಿನ್ ಹಾಗಲ್ಲ, ಅದು ಮಕ್ಕಳಲ್ಲಿ ಕಡಿಮೆ. ಗಂಡಸಿಗೆ 13 ಗ್ರಾಮಿಗಿಂತ ಕೆಳಗಿದ್ದರೆ ರಕ್ತಹೀನತೆ. ಎರಡರಿಂದ ಐದು ವರ್ಷದೊಳಗಿನ ಮಗುವಿಗೆ 11, ಐದರಿಂದ ಹನ್ನೊಂದು ವರ್ಷದವರಿಗೆ ಹನ್ನೊಂದೂವರೆ ಆ ಗಡಿಯಾಗಿದೆ. ಹಾಗೆಂದು ಈ ಅಂಕಿಯನ್ನು ಉದಾಸೀನ ಮಾಡಲಾಗದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಕಂಡುಬಂದಿತು. ಜೋಳವೂ ಹಾಲೂ ಬೆಳೆಯುವ ನಾಡಿನಲ್ಲಿ ಇದು ನಾಚಿಕೆಯ ಮಾತೇ ಸರಿ.

ಪರೀಕ್ಷೆಗಳಲ್ಲೆಲ್ಲ ಜನರನ್ನು ಅತಿಯಾಗಿ ನಡುಗಿಸುವುದು ಬೆನ್ನಿನ ನೀರನ್ನು ತೆಗೆಯುವ ಪರೀಕ್ಷೆಯು. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಹುಬ್ಬಳ್ಳಿಯಿಂದ ಸಂಜೆಯ ಹೊತ್ತಿಗೆ ಫೋನು ಮಾಡಿದನು. ಅವನ ಹತ್ತು ತಿಂಗಳ ಮಗನಿಗೆ ಎರಡು ದಿನದಿಂದ ಜ್ವರ, ವಾಂತಿ. ಆ ದಿನ ಫಿಟ್ಸು ಬಂದು, ಕೂಸು ಕಣ್ಣು ತೆರೆದು ನೋಡಲೊಲ್ಲದಾಗಿತ್ತು. “ಮಾಸ್ತರ, ಬೆನ್ನಾಗಿನ ನೀರ ತಗೀಬೇಕಂತಾರ್ರೀ. ತಗದ್ರ ಕೂಸಿನ ಕಾಲ ಹೋಗ್ತಾವು, ಸಹಿ ಮಾಡಬ್ಯಾಡ ಅಂತ ನಮ್ಮವ್ವ ಅಳಾಕತ್ತಾಳ್ರೀ” ಎಂದನು. ಒಪ್ಪಿಗೆಯ ಕಾಗದವು ಒಂದು ತಾಸಿನಿಂದ ಅವನ ಕೈಯಲ್ಲಿಯೇ ಇತ್ತು.

ಆ ಅಂಜಿಕೆಯು ಹುಟ್ಟಿದ ಬಗೆಯನ್ನು ತಿಳಿಯುವುದು ಕಠಿಣವಲ್ಲ. ಬೆನ್ನುಹುರಿಗೆ ಪೆಟ್ಟಾದರೆ ಕಾಲು ಹೋಗುವುದನ್ನು ಜನರು ಬಲ್ಲರು. ಬೆನ್ನಿಗೆ ಸೂಜಿಯೆಂದರೆ ಹುರಿಗೇ ಸೂಜಿಯೆಂದು ಅವರು ಊಹಿಸುವರು. ವಾಸ್ತವದಲ್ಲಿ ಬೆನ್ನುಹುರಿಯು ಬೆನ್ನೆಲುಬಿನ ತುದಿಯವರೆಗೆ ಇಳಿಯುವುದಿಲ್ಲ. ಅದು ಸೊಂಟದ ಮಣಿಗಳ ಮೇಲ್ಭಾಗದಲ್ಲಿ, ಎಳೆಯ ಕೂಸುಗಳಲ್ಲಿ ಸ್ವಲ್ಪ ಕೆಳಗೆ, ಮುಗಿದುಬಿಡುತ್ತದೆ. ಅಲ್ಲಿಂದ ಕೆಳಗೆ ಇರುವುದು ನೀರಿನ ಚೀಲ, ಅದರಲ್ಲಿ ತೇಲುವ ನರಗಳ ಎಳೆಗಳು. ಸೂಜಿಯು ಹೋಗುವುದು ಹುರಿ ಮುಗಿದ ತರುವಾಯದ ಮಣಿಗಳ ಸಂದಿನಲ್ಲಿ. ತೆಗೆಯುವುದು ಕೆಲವು ಹನಿಗಳಷ್ಟು, ಬಹಳವಾದರೆ ಒಂದೆರಡು ಮಿಲಿಲೀಟರು. ಶರೀರವು ಆ ನೀರನ್ನು ಎಡೆಬಿಡದೆ ಹೊಸದಾಗಿ ಉತ್ಪಾದಿಸುತ್ತಲೇ ಇರುವುದು. ಜರ್ಮನಿಯ ಕ್ವಿಂಕೆಯೆಂಬ ವೈದ್ಯನು 1891ರಲ್ಲಿ ಈ ಕ್ರಮವನ್ನು ಬಳಕೆಗೆ ತಂದಂದಿನಿಂದ ಜಗತ್ತಿನ ಎಲ್ಲ ದೇಶಗಳಲ್ಲಿ ನಡೆಯುತ್ತ ಬಂದಿದೆ. ಚುಚ್ಚಿದಲ್ಲಿ ನೋವು, ದೊಡ್ಡ ಮಕ್ಕಳಿಗೆ ಒಂದೆರಡು ದಿನ ತಲೆನೋವು ಬರಬಹುದು. ತಲೆಯೊಳಗೆ ಒತ್ತಡ ಹೆಚ್ಚಿದೆಯೆಂಬ ಸಂಶಯವಿದ್ದರೆ, ಇಲ್ಲವೆ ರಕ್ತ ಹೆಪ್ಪುಗಟ್ಟುವುದರಲ್ಲಿ ದೋಷವಿದ್ದರೆ, ಡಾಕ್ಟರರು ತಾವಾಗಿಯೇ ಮುಂದಕ್ಕೆ ಹಾಕುವರು.

ಆ ಕೆಲವು ಹನಿಗಳಿಂದ ತಿಳಿಯುವುದೇನು? ಮೆದುಳಿನ ಪೊರೆಗೆ ಸೋಂಕು ತಗಲಿದೆಯೋ ಇಲ್ಲವೋ, ತಗಲಿದ್ದರೆ ಯಾವ ಜಾತಿಯದು ಎಂಬುದು. ಬ್ಯಾಕ್ಟೀರಿಯಾ ಸೋಂಕಾದರೆ ಆ ನೀರಿನಲ್ಲಿ ಬಿಳಿಯ ಕಣಗಳು ತುಂಬಿ ಸಕ್ಕರೆಯ ಅಂಶವು ಇಳಿಯುವುದು. ವೈರಸ್ಸಿನದಾದರೆ ಸಕ್ಕರೆಯು ಸಾಮಾನ್ಯವಾಗಿ ಹಾಗೆಯೇ ಇರುವುದು. ಕ್ಷಯದ್ದಾದರೆ ಅದರ ಲಕ್ಷಣವೇ ಬೇರೆ. ಮೊದಲನೆಯದಕ್ಕೆ ವಾರಗಟ್ಟಲೆ ನರದೊಳಗೆ ಔಷಧ. ಎರಡನೆಯದರ ಬಹುಭಾಗಕ್ಕೆ ಅಂಥ ಔಷಧವೇ ಬೇಡ. ಮೂರನೆಯದಕ್ಕೆ ಸುಮಾರು ಒಂದು ವರುಷದ ಚಿಕಿತ್ಸೆ. ನೀರನ್ನು ನೋಡದೆ ಕೊಡುವ ಔಷಧವು ಕತ್ತಲಲ್ಲಿ ಎಸೆದ ಕಲ್ಲಿನಂತೆ. ತಡವಾದರೆ ಕಿವುಡು, ಬುದ್ಧಿಮಾಂದ್ಯ, ಕೆಲವೊಮ್ಮೆ ಮರಣ. ಜನರು ‘ಬೆನ್ನಿನ ನೀರು ತೆಗೆದು ಕೂಸು ಹಾಳಾಯಿತು’ ಎಂದು ಹೇಳುವ ಕಥೆಗಳಲ್ಲಿ ಬಹಳಷ್ಟು ಹಾಳಾಗಿರುವುದು ರೋಗದಿಂದ. ಅಪವಾದ ಮಾತ್ರ ಸೂಜಿಗೆ.

ಆ ಹುಡುಗನಿಗೆ ನಾನು ಇದಿಷ್ಟನ್ನೂ ಫೋನಿನಲ್ಲಿ ಪಾಠ ಮಾಡಲಿಲ್ಲ. ಡಾಕ್ಟರರಿಗೆ ಮೂರು ಪ್ರಶ್ನೆ ಕೇಳೆಂದೆ: ಈ ಪರೀಕ್ಷೆಯಿಂದ ಯಾವ ರೋಗವನ್ನು ಹುಡುಕುವಿರಿ? ಉತ್ತರ ಬಂದರೆ ಔಷಧದಲ್ಲಿ ಏನು ಬದಲಾಗುವುದು? ಮಾಡದಿದ್ದರೆ ಏನಾಗಬಹುದು? ಕೆಲಸದ ಅವಸರದಲ್ಲಿದ್ದ ಆ ಯುವ ಡಾಕ್ಟರು ಒಂದು ಚೀಟಿಯ ಹಿಂಬದಿಗೆ ಬೆನ್ನೆಲುಬಿನ ಚಿತ್ರ ಬರೆದು, ಹುರಿ ಎಲ್ಲಿ ಮುಗಿಯುವುದು, ಸೂಜಿ ಎಲ್ಲಿ ಹೋಗುವುದೆಂದು ಅಜ್ಜಿಗೇ ತೋರಿಸಿದರಂತೆ. ಸಹಿಯಾಯಿತು. ಬ್ಯಾಕ್ಟೀರಿಯಾ ಸೋಂಕೇ ಎಂದು ತಿಳಿದು, ಹದಿನಾಲ್ಕು ದಿನ ಔಷಧ ನಡೆಯಿತು. ಹೊರಡುವಾಗ ಕಿವಿಯ ಪರೀಕ್ಷೆಗೆ ಮತ್ತೆ ಬರಬೇಕೆಂದು ಹೇಳಿದ್ದರು. ಕೂಸು ಚೆನ್ನಾಗಿ ಆಡುತ್ತಿದೆಯಲ್ಲಾ ಎಂದು ಅಂಥ ಪರೀಕ್ಷೆಯನ್ನು ಬಿಡುವವರೇ ಹೆಚ್ಚು, ಇವನು ಬಿಡಲಿಲ್ಲ.

ಇನ್ನು ತೂಕದ ವಿಷಯ. ಮಕ್ಕಳ ಔಷಧದ ಪ್ರಮಾಣವು ವಯಸ್ಸಿಗಿಂತಲೂ ತೂಕವನ್ನು ಅನುಸರಿಸುವುದು. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲನ್ನೇ ತೆಗೆದುಕೊಳ್ಳಿರಿ. ಒಂದು ಕಿಲೋ ತೂಕಕ್ಕೆ ಹೆಚ್ಚೆಂದರೆ ಹದಿನೈದು ಮಿಲಿಗ್ರಾಮಿನಂತೆ ಹತ್ತು ಕಿಲೋ ಕೂಸಿಗೆ ಒಂದು ಸಲಕ್ಕೆ 150 ಮಿಲಿಗ್ರಾಮು. ಆದರೆ ಅಂಗಡಿಯಲ್ಲಿ ಅದೇ ಹೆಸರಿನ ಔಷಧವು ಹಲವು ಬಲಗಳಲ್ಲಿ ಸಿಗುವುದು. ಐದು ಮಿಲಿಲೀಟರಿನಲ್ಲಿ 125 ಇರುವ ಸಿರಪ್ಪಾದರೆ ಆ ಕೂಸಿಗೆ ಆರು ಮಿಲಿಲೀಟರು ಬೇಕು. 250 ಇರುವುದಾದರೆ ಮೂರೇ ಸಾಕು. ಒಂದೇ ಮಿಲಿಲೀಟರಿನಲ್ಲಿ 100 ಇರುವ ಹನಿಗಳ ಶೀಶೆಯಾದರೆ ಒಂದೂವರೆ. ಮೊದಲಿನ ಲೆಕ್ಕವನ್ನು ನೆನಪಿಟ್ಟುಕೊಂಡು ಹನಿಯ ಶೀಶೆಯಿಂದ ಆರು ಮಿಲಿಲೀಟರು ಕುಡಿಸಿದರೆ 600 ಮಿಲಿಗ್ರಾಮು ಹೋಯಿತು. ಅದು ನಾಲ್ಕು ಪಟ್ಟು. ಹೀಗೆ ಪುನಃ ಪುನಃ ನಡೆದರೆ ಯಕೃತ್ತು ಕೆಡುವುದು. ಮೂರನೆಯ ಇಯತ್ತೆಯ ಗಣಿತವಿದು, ಆದರೆ ನಡುರಾತ್ರಿಯಲ್ಲಿ ಅಳುವ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಮಾಡುವುದು ಸುಲಭವಲ್ಲ. ಆದ್ದರಿಂದ ಹಗಲಿನಲ್ಲಿಯೇ ಡಾಕ್ಟರರನ್ನು ಕೇಳಿ, ಶೀಶೆಯ ಮೇಲೆ ಕಾಗದ ಅಂಟಿಸಿ, ‘ಇಷ್ಟು ಮಿಲಿಲೀಟರು, ದಿನಕ್ಕೆ ಇಷ್ಟು ಸಲ’ ಎಂದು ಬರೆದಿಡತಕ್ಕದ್ದು. ಅಳತೆಗೆ ಶೀಶೆಯೊಡನೆ ಬಂದ ಮುಚ್ಚಳವೇ ಬೇಕು. ಅಡಿಗೆಮನೆಯ ಚಮಚಗಳು ಮನೆಗೊಂದು ತರಹ. ತೂಕವನ್ನು ಅಂಗನವಾಡಿಯಲ್ಲಿ ಬಿಟ್ಟಿಯಾಗಿ ನೋಡುವರು. ತಾಯಿಕಾರ್ಡಿನಲ್ಲಿ ಅದಕ್ಕೆ ಸ್ಥಳವೂ ಇದೆ.

ಕೆಮ್ಮಿನ ಔಷಧದ ಮಾತನ್ನು ಇಲ್ಲಿಯೇ ಹೇಳಿಬಿಡುವೆನು. 2025ರ ಸೆಪ್ಟೆಂಬರ, ಅಕ್ಟೋಬರ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದವಾಡಾ ಪ್ರಾಂತದಲ್ಲಿ ಡಾಯಎಥಿಲೀನ್ ಗ್ಲಾಯಕೋಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ಪನ್ನು ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಅಸುನೀಗಿದರು. ಆಗ ಕೇಂದ್ರ ಸರಕಾರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮುನೆಗಡಿಯ ಔಷಧಗಳನ್ನು ಕೊಡಬಾರದೆಂದೂ, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಅವು ಸಲ್ಲವೆಂದೂ ತಿಳಿಸಿತು. ಸತ್ತ ಮಕ್ಕಳ ತಾಯಿತಂದೆಗಳು ಅಂಗಡಿಯಲ್ಲಿ ಬಿಕರಿಯಾಗುವ ಔಷಧವನ್ನು ನಂಬಿದವರು. ಅವರನ್ನು ದೂಷಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಔಷಧ ಕುಡಿದ ಕೂಸಿನ ಮೂತ್ರವು ನಿಂತಿತೆಂಬುದನ್ನು ಮೊದಲು ಕಾಣುವವರೂ ಮನೆಯವರೇ. ಅಂಥ ಸಮಯದಲ್ಲಿ ಕೂಸಿನೊಡನೆ ಶೀಶೆಯನ್ನೂ ದವಾಖಾನೆಗೆ ಒಯ್ಯಬೇಕು.

ಫಿಟ್ಸಿನ ಬಗೆಗೆ ಸ್ವಲ್ಪ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಬರಿಯ ಜ್ವರದಿಂದಲೂ ಅದು ಬರುವುದುಂಟು. ಕೂಸನ್ನು ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡಬೇಕು. ಕೈಯಲ್ಲಿ ಕಬ್ಬಿಣ ಕೊಡುವುದು, ಬಾಯಲ್ಲಿ ಚಮಚ ತುರುಕುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ಬರೆ ಹಾಕುವುದು, ಇವೆಲ್ಲ ನಿಲ್ಲಬೇಕು, ಬರೆಯಂತೂ ಹಿಂಸೆಯೇ. ಐದು ನಿಮಿಷ ದಾಟಿದರೆ ಒಂದು ಕ್ಷಣವೂ ಕಾಯಬಾರದು. ನಿಂತರೂ ಮೊದಲ ಸಲದ್ದನ್ನು ಅದೇ ದಿನ ಡಾಕ್ಟರರಿಗೆ ತೋರಿಸತಕ್ಕದ್ದು. ಎಷ್ಟು ನಿಮಿಷ, ಎರಡೂ ಕಡೆಯೋ ಒಂದೇ ಕಡೆಯೋ ಎಂಬುದನ್ನು ನೋಡಿಟ್ಟವರು ಡಾಕ್ಟರರಿಗೆ ಅರ್ಧ ಕೆಲಸ ಮಾಡಿಕೊಟ್ಟಂತೆ. ಮೊಬಾಯಿಲಿನಲ್ಲಿ ಚಿತ್ರ ಹಿಡಿದರೆ ಅದೂ ಒಳ್ಳೆಯದೇ. ಈ ಯಂತ್ರದ ಇಂಥ ಉಪಯೋಗವನ್ನು ನಾನು ಮನಸಾರೆ ಒಪ್ಪುವೆನು.

2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಹುಟ್ಟಿದಂದಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸಲಿಕ್ಕೆ ಡಾಕ್ಟರರ ತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬರತಕ್ಕದ್ದಿದೆ. ಹೃದಯದ ಹುಟ್ಟುದೋಷ, ಸೀಳುತುಟಿ, ಕಿವುಡು, ಮಾತಿನ ತಡ, ಇಂಥವನ್ನು ಕಂಡುಹಿಡಿದು ಮುಂದಿನ ದವಾಖಾನೆಗೆ ಕಳಿಸುವರು. ಆ ದಿನ ಕೂಸನ್ನು ಜಾತ್ರೆಗೆಂದು ಬೇರೆ ಊರಿಗೆ ಒಯ್ಯದಿದ್ದರೆ ಸಾಕು.

ಮಗುವು ಆರೇಳು ವರ್ಷದ್ದಾದ ಮೇಲೆ ಜ್ಞಾಪಕತ್ವವನ್ನು ಸ್ವಲ್ಪ ಸ್ವಲ್ಪವಾಗಿ ಅದಕ್ಕೇ ಬಿಟ್ಟುಕೊಡಬೇಕು. ನಮ್ಮಲ್ಲಿ ಡಾಕ್ಟರರು “ಎಲ್ಲಿ ನೋಯ್ತದ ಪುಟ್ಟಾ?” ಎಂದು ಕೇಳಿದರೆ ತಾಯಿ, ತಂದೆ, ಸೋದರತ್ತೆ ಮೂವರೂ ಒಮ್ಮೆಲೆ ಉತ್ತರ ಕೊಡುವರು. ನಮ್ಮ ಓಣಿಯ ಎಂಟು ವರ್ಷದ ಹುಡುಗಿಯೊಬ್ಬಳಿಗೆ ಹೊಟ್ಟೆನೋವೆಂದು ಕರೆದೊಯ್ದಾಗ ಮನೆಯವರೆಲ್ಲ ಜಾತ್ರೆಯ ಮಿಠಾಯಿಯ ವೃತ್ತಾಂತವನ್ನೇ ಹೇಳತೊಡಗಿದ್ದರು. ಡಾಕ್ಟರರು ಕೈಯೆತ್ತಿ ಅವರನ್ನು ನಿಲ್ಲಿಸಿ ಹುಡುಗಿಯನ್ನು ಕೇಳಿದರು. “ನಿನ್ನೆ ಹೊಕ್ಕಳದ ಸುತ್ತ ಇತ್ತ್ರೀ, ಈಗ ಇಲ್ಲಿ ಬಂದೈತ್ರೀ” ಎಂದು ಅವಳು ಬಲಗಡೆ ಕೆಳಹೊಟ್ಟೆಯ ಮೇಲೆ ಒಂದು ಬೆರಳಿಟ್ಟು ತೋರಿಸಿದಳು. ಆ ಬೆರಳನ್ನು ನೋಡಿಯೇ ಡಾಕ್ಟರರು ಅವಳನ್ನು ಹುಬ್ಬಳ್ಳಿಗೆ ಕಳಿಸಿದರು. ಕರುಳಿನ ಬಾಲವು ಒಡೆಯುವ ಮೊದಲೇ ಶಸ್ತ್ರಚಿಕಿತ್ಸೆಯಾಯಿತು.